ಮಿಲ್ಟನ್ ಓದಿದ ಮೇಷ್ಟರಿಗೆ ಏಳನೇ ತರಗತಿ ಏಕೆ ಕಷ್ಟ?

ಇಂಗ್ಲಿಷ್‌ನಲ್ಲಿ ಎಂ.ಎ. ಮಾಡಿದವರೆಲ್ಲ ಇಂಗ್ಲಿಷ್ ಕಲಿಸಬಲ್ಲರು ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಗಟ್ಟಿಯಾಗಿದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೋ ಮೈಸೂರಿನಲ್ಲೋ ಷೇಕ್ಸ್‌ಪಿಯರ್, ಮಿಲ್ಟನ್ ಓದಿ, ಬಿ.ಇಡಿ. ಮುಗಿಸಿ ಹೊಸನಗರದ ಮೂಲೆಯ ಶಾಲೆಗೆ ಬಂದವರಿಗೆ ಎದುರಾಗುವುದು ‘ಎಗ್’ ಅನ್ನು ‘ಯೆಗ್’ ಎನ್ನುವ, ‘ಐ ಆಮ್ ಗೋ’ ಎಂದು ಬರೆಯುವ ಮಗು. ಮೊದಲನೆಯದು ದಡ್ಡತನವಲ್ಲ; ಕನ್ನಡದ ನಾಲಿಗೆ ಪದದ ಮೊದಲಿನ ಎಕಾರಕ್ಕೆ ಯಕಾರದ ಛಾಯೆ ಸೇರಿಸುತ್ತದೆ, ‘ಎಲ್ಲಿ’ ಎಂದು ನೀವೇ ಹೇಳಿ ನೋಡಿ. ಎರಡನೆಯದಕ್ಕೆ ನಾವೇ ಕಾರಣ. ‘ಐ ಆಮ್ ಎ ಬಾಯ್’ ಎಂದು ವರ್ಷಗಟ್ಟಲೆ ಉರು ಹೊಡೆಸಿದ ಮೇಲೆ ಮಗು ‘ಐ ಆಮ್’ ಒಂದೇ ಪದ ಎಂದುಕೊಂಡಿರುತ್ತದೆ.

ಸಾಹಿತ್ಯದ ಎಂ.ಎ. ಇಂಥ ಸಂಗತಿಗಳತ್ತ ಕಣ್ಣೆತ್ತಿ ನೋಡುವುದು ಕಡಿಮೆ. ಇದನ್ನೇ ಮುಖ್ಯ ವಿಷಯವಾಗಿ ಓದಿಸುವುದು ದ್ವಿತೀಯ ಭಾಷೆಯಾಗಿ ಇಂಗ್ಲಿಷ್ ಬೋಧನೆಯ ಸ್ನಾತಕೋತ್ತರ ಪದವಿ, ಬಲ್ಲವರ ಬಾಯಲ್ಲಿ ‘ಟೆಸಲ್’. ಮಾಡಬಹುದೇ ಎಂದು ಪದವಿ ಮುಗಿಸಿದ ಹುಡುಗರು ಕೇಳುತ್ತಿರುತ್ತಾರೆ. ಧಾರಾಳವಾಗಿ ಮಾಡಿ. ಆದರೆ ಅದಕ್ಕೂ ಮೊದಲು ಒಂದು ವರ್ಷವಾದರೂ ಎಲ್ಲಾದರೂ ಪಾಠ ಮಾಡಿ. ಮಕ್ಕಳ ಮುಖ ಕಣ್ಣ ಮುಂದೆ ಇಲ್ಲದಿದ್ದರೆ ಆ ಸಿದ್ಧಾಂತಗಳೆಲ್ಲ ಪರೀಕ್ಷೆಯ ನೋಟ್ಸ್ ಆಗಿ ಮುಗಿದುಹೋಗುತ್ತವೆ.

ತರಗತಿಯಲ್ಲೇ ತಮ್ಮ ವಾದವನ್ನು ಒರೆಗೆ ಹಚ್ಚಿದ ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರನ್ನೇ ತೆಗೆದುಕೊಳ್ಳಿ. 1979ರಿಂದ 1984ರವರೆಗೆ ಅವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗ ಜಗತ್ತಿನ ಭಾಷಾಬೋಧಕರಿಗೆ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಪರಿಚಿತ. ನಮ್ಮ ಎಷ್ಟು ಶಿಕ್ಷಕರು ಅದರ ಹೆಸರು ಕೇಳಿದ್ದಾರೋ! ವ್ಯಾಕರಣದ ನಿಯಮ ಒಪ್ಪಿಸುವ ಬದಲು ನಕ್ಷೆ, ರೈಲಿನ ವೇಳಾಪಟ್ಟಿ ಕೊಟ್ಟು ಸಮಸ್ಯೆ ಬಿಡಿಸಲು ಹೇಳುವುದು ಆ ಕ್ರಮ. ಗಮನ ಅರ್ಥದ ಮೇಲಿದ್ದರೆ ಭಾಷೆ ತಾನಾಗಿಯೇ ಮೈಗೂಡುತ್ತದೆ ಎಂಬುದು ಅವರ ವಾದ. ನಮಗೆ ತಾಳಗುಪ್ಪದ ರೈಲೇ ಇದೆಯಲ್ಲ. ಸಾಗರ, ಆನಂದಪುರ, ಕುಂಸಿಯ ಸಮಯಗಳನ್ನು ಬೋರ್ಡಿನ ಮೇಲೆ ಬರೆದು, ‘ಆನಂದಪುರದ ಅಜ್ಜಿ ಹತ್ತು ಗಂಟೆಯೊಳಗೆ ಶಿವಮೊಗ್ಗದ ಆಸ್ಪತ್ರೆಯಲ್ಲಿರಬೇಕು, ಯಾವ ರೈಲು ಹತ್ತಬೇಕು?’ ಎಂದು ಇಂಗ್ಲಿಷಿನಲ್ಲಿ ಕೇಳಿ. ಹಿಂದಿನ ಬೆಂಚಿನವರೂ ಬಾಯಿ ಬಿಡುತ್ತಾರೆ. ‘ಅಜ್ಜಿ ಗೋ ಫಸ್ಟ್ ಟ್ರೈನ್’ ಎಂದರೂ ಸರಿಯೇ, ತಿದ್ದುವುದಕ್ಕೆ ನಾಳೆ ಇದೆ. ಜೊತೆಜೊತೆಗೆ ಕನ್ನಡದಲ್ಲಿ ಜಗಳವಾಡಿದರೂ ಆಡಲಿ. ಕನ್ನಡ ಮಾತಾಡಿದ್ದಕ್ಕೆ ದಂಡ ಹಾಕುವ ಶಾಲೆಗಳ ಮೇಲೆ ನನಗೆ ಒಂದಿಷ್ಟೂ ಗೌರವವಿಲ್ಲ.

ಇನ್ನು ನೌಕರಿಯ ಮಾತು. ಟೆಸಲ್ ಪದವಿಯೊಂದರಿಂದಲೇ ಸರ್ಕಾರಿ ಪ್ರೌಢಶಾಲೆಯ ಬಾಗಿಲು ತೆರೆಯುವುದಿಲ್ಲ, ಬಿ.ಇಡಿ. ಬೇಕೇ ಬೇಕು. ಕಾಲೇಜಿಗೆ ಹೋಗುವವರು ನೆಟ್ ಅಥವಾ ಕೆಸೆಟ್ ಎಂಬ ಅರ್ಹತಾ ಪರೀಕ್ಷೆ ಬರೆಯಬೇಕು. ಆ ಪರೀಕ್ಷೆಗಳಲ್ಲಿ ಭಾಷಾಬೋಧನೆಗೂ ಜಾಗವಿದೆಯಾದರೂ ಸಾಹಿತ್ಯದ್ದೇ ದರ್ಬಾರು. ಅಮೆರಿಕದಲ್ಲಿ ಓದಿದರೆ ಅಲ್ಲಿಯೇ ಕೆಲಸ ಎನ್ನುವ ಏಜೆಂಟರು, ಅಲ್ಲಿನ ಸರ್ಕಾರಿ ಶಾಲೆಗಳಿಗೆ ಆಯಾ ರಾಜ್ಯದ ಪರವಾನಗಿ ಬೇರೆಯೇ ಬೇಕು ಎಂಬುದನ್ನು ನುಂಗಿಬಿಡುತ್ತಾರೆ. ಲಕ್ಷಗಟ್ಟಲೆ ಸಾಲ ಮಾಡುವ ಮೊದಲು ಹತ್ತಿರದ್ದನ್ನು ನೋಡಿ. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದ ಮೂಲ, 1958ರಲ್ಲಿ ಇಂಗ್ಲಿಷ್ ಬೋಧನೆಗೆಂದೇ ಹುಟ್ಟಿದ ಸಂಸ್ಥೆ. ಬೆಂಗಳೂರಿನ ಜ್ಞಾನಭಾರತಿಯಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ಈಗಾಗಲೇ ಕೆಲಸದಲ್ಲಿರುವ ಶಿಕ್ಷಕರಿಗೆ ಅದೇ ಹೆಚ್ಚು ಅನುಕೂಲ.

ಎಲ್ಲಿಯೇ ಸೇರಿ, ಪಠ್ಯಕ್ರಮ ತರಿಸಿಕೊಂಡು ನಿಜವಾದ ತರಗತಿಯಲ್ಲಿ ನಿಂತು ಕಲಿಸುವ ಅವಧಿ ಎಷ್ಟಿದೆ ಎಂದು ಮೊದಲು ನೋಡಿ. ಅದು ಇಲ್ಲವೆಂದಾದರೆ ಅರ್ಜಿ ಶುಲ್ಕವನ್ನೂ ಕಟ್ಟಬೇಡಿ.