ಇಷ್ಟು ವರ್ಷದ ಪ್ರೀತಿಗೆ ವಂದನೆ, ದಯವಿಟ್ಟು ಜಾಗ ಖಾಲಿ ಮಾಡಿ

ಅಭಿಮಾನಿಗಳ ಆನ್‌ಲೈನ್ ಬಳಗವೊಂದನ್ನು ಮುಚ್ಚುವಾಗ ಕಂಪನಿಯವರು ಬರೆಯುವ ವಿದಾಯ ಪತ್ರ ಓದಿದ್ದೀರಾ? ಓದಿಲ್ಲದಿದ್ದರೆ ಓದಬೇಕು. ಅಷ್ಟು ಪ್ರೀತಿ ಬೇರೆಲ್ಲೂ ಸಿಗುವುದಿಲ್ಲ. ಮೊದಲ ಪ್ಯಾರಾದಲ್ಲಿ ನೀವೇ ಅವರ ಉಸಿರು. ಎರಡನೆಯದರಲ್ಲಿ ನೀವು ಕಟ್ಟಿದ ಸ್ನೇಹ, ಹಂಚಿಕೊಂಡ ನಗು, ನಿದ್ದೆಗೆಟ್ಟು ಮಾಡಿದ ಚರ್ಚೆ. ಮೂರನೆಯದರಲ್ಲಿ ಸ್ವಲ್ಪ ವೇದಾಂತ: ಕಾಲ ಬದಲಾಗಿದೆ, ಜನ ಈಗ ಬೇರೆ ಬೇರೆ ಕಡೆ ಮಾತಾಡುತ್ತಾರೆ. ನಾಲ್ಕನೇ ಪ್ಯಾರಾದ ನಡುವೆ, ಎರಡು ಅಲ್ಪವಿರಾಮಗಳ ಸಂದಿಯಲ್ಲಿ, ಒಂದು ತಾರೀಕು ಕೂತಿರುತ್ತದೆ. ಆ ತಾರೀಕಿಗೆ ನೀವು ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಐದನೇ ಪ್ಯಾರಾದಲ್ಲಿ ಮತ್ತೆ ಪ್ರೀತಿ.

ಅಲ್ಲಿಯವರೆಗೆ ಇವರಿಗೆ ನಿಮ್ಮ ಗುರುತೇ ಇರಲಿಲ್ಲ ಅಲ್ವಾ? ನೀವು ಕಳಿಸಿದ ದೂರಿಗೆ ಯಂತ್ರ ಉತ್ತರ ಕೊಟ್ಟಿತು. ಹುಡುಕುವ ಬಟನ್ ಕೆಟ್ಟು ವರ್ಷಗಳೇ ಆದವು, ಯಾರೂ ತಿರುಗಿ ನೋಡಲಿಲ್ಲ. ಹೊರಗೆ ಕಳಿಸುವ ದಿನ ಮಾತ್ರ ನೀವು ಅವರ ಕುಟುಂಬದವರು. ಸಂಬಂಧ ಹುಟ್ಟಿದ್ದೂ ಅವತ್ತೇ, ಮುಗಿದದ್ದೂ ಅವತ್ತೇ.

ಸಿನಿಮಾಗಳ ಮಾಹಿತಿ ಕೊಡುವ ಐಎಂಡಿಬಿ ಜಾಲತಾಣದಲ್ಲಿ ಸಿನಿಮಾ ಹುಚ್ಚಿನವರಿಗೆ ಒಂದು ಚರ್ಚಾಕಟ್ಟೆ ಇತ್ತು. ಪ್ರತಿ ಸಿನಿಮಾಕ್ಕೂ ಒಂದು ಕಟ್ಟೆ, ಪ್ರತಿ ನಟನಿಗೂ ಒಂದು ಕಟ್ಟೆ. ಯಾರೂ ನೋಡದ ಯಾವುದೋ ಕಪ್ಪು ಬಿಳುಪು ಸಿನಿಮಾದ ಕೆಳಗೆ ಒಬ್ಬರು ಬಂದು, ‘ಕೊನೆಯ ದೃಶ್ಯದಲ್ಲಿ ಆ ಹೆಂಗಸು ಯಾಕೆ ನಕ್ಕಳು?’ ಅಂತ ಕೇಳಿ ಹೋಗುವುದು. ವರ್ಷಗಳಾದ ಮೇಲೆ ಇನ್ನೊಬ್ಬರು ಬಂದು, ‘ಅವಳು ನಗಲಿಲ್ಲ, ಅತ್ತಳು’ ಅಂತ ಉತ್ತರಿಸುವುದು. ಪ್ರಶ್ನೆ ಕೇಳಿದವರು ಅಷ್ಟರಲ್ಲಿ ಎಲ್ಲಿದ್ದರೋ. ಆದರೂ ಉತ್ತರ ಬಂತಲ್ಲ. 2017ರ ಫೆಬ್ರವರಿ ಮೊದಲ ವಾರದಲ್ಲಿ ನೋಟಿಸು ಬಂತು. 20ಕ್ಕೆ ಬಾಗಿಲು ಬಿತ್ತು. ಮೂರು ವಾರವೂ ಸಿಗಲಿಲ್ಲ. ಈ ಕಟ್ಟೆಗಳಿಂದ ನಮ್ಮ ಬಹುಪಾಲು ಬಳಕೆದಾರರಿಗೆ ಹಿತವೂ ಆಗುತ್ತಿಲ್ಲ, ಉಪಯೋಗವೂ ಆಗುತ್ತಿಲ್ಲ ಅನ್ನುವುದು ಅವರು ಕೊಟ್ಟ ಕಾರಣ. ಒಪ್ಪಬೇಕಾದ ಮಾತೇ. ಆದರೆ ಹಿತ, ಉಪಯೋಗ ಅಂತ ಅಳೆಯಲು ಹೊರಟರೆ ಇಂಟರ್ನೆಟ್ಟಿನಲ್ಲಿ ಉಳಿಯುವುದು ಹವಾಮಾನ ವರದಿ ಒಂದೇ. ಅದೂ ಹಿತವಾಗಿರುವುದು ಅಪರೂಪ.

ಗೂಗಲ್‌ನ ಸಾಮಾಜಿಕ ಜಾಲತಾಣ ಆರ್ಕುಟ್ ಹೋದದ್ದು ಇದಕ್ಕಿಂತ ಮರ್ಯಾದೆಯಾಗಿ. 2004ರ ಜನವರಿಯಲ್ಲಿ ಹುಟ್ಟಿ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಮೂರು ತಿಂಗಳು ಮೊದಲೇ ತಿಳಿಸಿದರು. ನಿಮ್ಮ ಫೋಟೋ, ಗೆಳೆಯರು ಬರೆದ ಸ್ಕ್ರ್ಯಾಪು ಎಲ್ಲ ಇಳಿಸಿಕೊಳ್ಳಿ ಅಂದರು. ಕಮ್ಯೂನಿಟಿಗಳ ಮಾತುಕತೆಯನ್ನು ಮ್ಯೂಸಿಯಂ ತರಹ ಉಳಿಸಿ ಇಡುತ್ತೇವೆ ಅಂತಲೂ ಹೇಳಿದರು. ಇಟ್ಟರು ಕೂಡ. ಕೆಲವೇ ವರ್ಷಗಳಲ್ಲಿ ಆ ಮ್ಯೂಸಿಯಮ್ಮಿಗೂ ಬೀಗ ಬಿತ್ತು. ಸತ್ತವರ ಫೋಟೋಗೂ ಒಂದು ಕೊನೆಯ ತಾರೀಕು ಇರುತ್ತದೆ ಅನ್ನುವುದು ನಮಗೆ ಹೊಳೆದದ್ದೇ ಆಗ.

ಜನ ತಮ್ಮದೇ ವೆಬ್ ಪುಟ ಕಟ್ಟಿಕೊಳ್ಳುತ್ತಿದ್ದ ಜಿಯೋಸಿಟೀಸ್ ಕಥೆ ಇನ್ನೂ ಚೆನ್ನಾಗಿದೆ. ಅಲ್ಲಿ ಬೀದಿ, ಬಡಾವಣೆಗಳೇ ಇದ್ದವು. ವೈಜ್ಞಾನಿಕ ಕಥೆಗಳ ಅಭಿಮಾನಿಗಳಿಗೆ ಏರಿಯಾ 51, ಸಿನಿಮಾದವರಿಗೆ ಹಾಲಿವುಡ್, ರಾಕ್ ಸಂಗೀತದವರಿಗೆ ಸನ್‌ಸೆಟ್ ಸ್ಟ್ರಿಪ್. ಜನ ಅಲ್ಲಿ ಪುಟ ಕಟ್ಟಿಕೊಂಡು, ಮಿನುಗುವ ನಕ್ಷತ್ರ ಹಚ್ಚಿ, ‘ಕೆಲಸ ನಡೆಯುತ್ತಿದೆ’ ಅಂತ ಬೋರ್ಡು ತೂಗುಹಾಕಿ ಕೂತಿದ್ದರು. 1999ರಲ್ಲಿ ಯಾಹೂ 300 ಕೋಟಿ ಡಾಲರಿಗೂ ಜಾಸ್ತಿ ಬೆಲೆಗೆ ಅದನ್ನು ಕೊಂಡಿತು. 2009ರ ಅಕ್ಟೋಬರ್ 26ಕ್ಕೆ ಮುಚ್ಚಿತು. ಅಷ್ಟು ದುಡ್ಡು ಕೊಟ್ಟು ಕೊಂಡದ್ದನ್ನು ಒಂದು ದಿನ ಸುಮ್ನೆ ಅಳಿಸಿ ಕೈತೊಳೆದುಕೊಳ್ಳಲು ದೊಡ್ಡ ಮನಸ್ಸು ಬೇಕು. ನಮ್ಮ ನಿಮ್ಮಿಂದ ಆಗುವುದಿಲ್ಲ. ಎಷ್ಟೋ ಪುಟಗಳಲ್ಲಿ ಆ ಬೋರ್ಡು ಕೊನೆಯ ದಿನವೂ ತೂಗುತ್ತಲೇ ಇತ್ತು. ಕೆಲಸ ನಡೆಯುತ್ತಲೇ ಇತ್ತು.

ಅದೇ ಯಾಹೂ ಹತ್ತು ವರ್ಷದ ನಂತರ ತನ್ನ ದಾಖಲೆಯನ್ನು ತಾನೇ ಮುರಿಯಿತು. ಇಮೇಲ್ ಮೂಲಕ ಗುಂಪಾಗಿ ಹರಟುವ ಯಾಹೂ ಗ್ರೂಪ್ಸ್ 2001ರಿಂದ ಇತ್ತು. ಟಿವಿ ಧಾರಾವಾಹಿಗಳ ಅಭಿಮಾನಿಗಳು, ಅವುಗಳ ಪಾತ್ರಗಳನ್ನಿಟ್ಟು ಹೊಸ ಕಥೆ ಹೆಣೆಯುವವರು, ಯಾರೂ ಕೇಳದ ಬ್ಯಾಂಡುಗಳನ್ನು ಕೇಳುವವರು, ಎಲ್ಲರ ವರ್ಷಗಟ್ಟಲೆಯ ಮಾತು ಅಲ್ಲಿತ್ತು. 2019ರ ಅಕ್ಟೋಬರಿನಲ್ಲಿ ಘೋಷಣೆ ಬಂತು: ಡಿಸೆಂಬರ್ 14ರ ನಂತರ ಎಲ್ಲ ಅಳಿಸುತ್ತೇವೆ. ಆಗ ಆರ್ಕೈವ್ ಟೀಮ್ ಅನ್ನುವ ಸ್ವಯಂಸೇವಕರು ಓಡಿಬಂದರು. ಇವರು ಇಂಟರ್ನೆಟ್ಟಿನಲ್ಲಿ ಎಲ್ಲಿ ಬೆಂಕಿ ಬಿದ್ದರೂ ಬಕೆಟ್ಟು ಹಿಡಿದು ಹೋಗುವ ಜನ. ಜಿಯೋಸಿಟೀಸಿನಿಂದಲೂ ಕೈಗೆ ಸಿಕ್ಕಷ್ಟು ಹೊತ್ತು ತಂದವರು ಇವರೇ. ಯಾಹೂ ಗ್ರೂಪುಗಳಿಗೆ ಒಂದೊಂದಾಗಿ ಸೇರಿಕೊಂಡು, ಅಲ್ಲಿನ ಮಾತುಗಳನ್ನು ಇಳಿಸಿಕೊಳ್ಳತೊಡಗಿದರು.

ಆಗ ಯಾಹೂವಿನ ಒಡೆಯರಾಗಿದ್ದ ವೆರೈಜ಼ನ್ ಏನು ಮಾಡಿತು ಗೊತ್ತಾ? ಆ ಸ್ವಯಂಸೇವಕರ ಖಾತೆಗಳನ್ನೇ ತಡೆಯಿತು. ಕಾರಣ, ನಿಯಮ ಉಲ್ಲಂಘನೆ. ಇದನ್ನು ನಿಧಾನವಾಗಿ ಓದಬೇಕು. ಕೆಲವೇ ದಿನಗಳಲ್ಲಿ ತಾವೇ ನಾಶ ಮಾಡಲಿರುವ ವಸ್ತುವನ್ನು ಯಾರೋ ಪುಕ್ಕಟೆಯಾಗಿ ಉಳಿಸಲು ಬಂದಿದ್ದಾರೆ. ಅವರಿಂದ ಆ ವಸ್ತುವಿಗೆ ಧಕ್ಕೆ ಆಗಬಾರದು ಅಂತ ಕಾವಲು! ಅಳಿಸುವವರೆಗೂ ಅದು ಬಲು ಭದ್ರವಾಗಿರಬೇಕು. ಇಷ್ಟು ಶಿಸ್ತಾಗಿ ಮನೆ ಕೆಡವುವ ಮೇಸ್ತ್ರಿ ಸಿಗುವುದು ಕಷ್ಟ.

ಈ ಗುಂಪಿನಲ್ಲೆಲ್ಲ ನನಗೆ ಗೌರವ ಇರುವುದು ಮೈಸ್ಪೇಸ್ ಅನ್ನುವ ಸಾಮಾಜಿಕ ಜಾಲತಾಣದ ಮೇಲೆ. ಅವರು ವಿದಾಯ ಪತ್ರವನ್ನೇ ಬರೆಯಲಿಲ್ಲ. ಸರ್ವರ್ ಬದಲಾಯಿಸುವಾಗ 2015ಕ್ಕಿಂತ ಹಿಂದಿನ ಹಾಡು, ಫೋಟೋ, ವಿಡಿಯೋ ಹೋಗಿಬಿಟ್ಟವು ಅಂತ ಜಗತ್ತಿಗೆಲ್ಲ ಗೊತ್ತಾದದ್ದು 2019ರಲ್ಲಿ. ಹನ್ನೆರಡು ವರ್ಷ ಜನ ತಂದು ಸುರಿದ ಸಂಗೀತ. ಅನಾನುಕೂಲಕ್ಕೆ ಕ್ಷಮೆ ಇರಲಿ ಅಂದರು. ಅಷ್ಟೇ. ಉಸಿರು, ಹೃದಯ, ಕುಟುಂಬ ಅಂತ ಒಂದು ಮಾತೂ ಇಲ್ಲ. ಇದಪ್ಪಾ ಪ್ರಾಮಾಣಿಕತೆ ಅಂದರೆ.

ಬರೀ ಕಂಪನಿಗಳನ್ನೇ ಬೈದು ಅಭಿಮಾನಿಗಳನ್ನು ಬಿಟ್ಟರೆ ಪಕ್ಷಪಾತವಾಗುತ್ತದೆ. ಮುಚ್ಚುವ ಸುದ್ದಿ ಬಂದ ವಾರ ಬಳಗದಲ್ಲಿ ನಡೆಯುವ ನಾಟಕವನ್ನು ಕಂಪನಿಯವರು ಎಷ್ಟೇ ಖರ್ಚು ಮಾಡಿದರೂ ಆಡಿಸಲು ಆಗುವುದಿಲ್ಲ.

ಮೊದಲು ಬರುವವರು ಆರು ವರ್ಷದಿಂದ ಪತ್ತೆಯಿಲ್ಲದ ಮೆಂಬರುಗಳು. ಪಾಸ್‌ವರ್ಡ್ ಮರೆತು, ಹಳೆಯ ಇಮೇಲ್ ಹುಡುಕಿ, ಅದರ ಪಾಸ್‌ವರ್ಡೂ ಮರೆತು, ಹೇಗೋ ಒಳಗೆ ನುಗ್ಗುತ್ತಾರೆ. ‘ಇದು ನನ್ನ ಎರಡನೇ ಮನೆ’ ಅಂತ ಬರೆಯುತ್ತಾರೆ. ಎರಡನೇ ಮನೆಗೆ ಆರು ವರ್ಷ ಯಾಕೆ ಬರಲಿಲ್ಲ ಅಂತ ಯಾರೂ ಕೇಳುವುದಿಲ್ಲ. ಕೇಳಬೇಕಾದವರೂ ಅವತ್ತೇ ಬಂದಿರುತ್ತಾರೆ. ಸಾಯುವ ವಾರದಲ್ಲಿ ಇರುವಷ್ಟು ಜನ ಹೋದ ವರ್ಷ ಇದ್ದಿದ್ದರೆ ಬಳಗ ಸಾಯುತ್ತಲೇ ಇರಲಿಲ್ಲ. ಈ ಮಾತು ಹೇಳಿದವರನ್ನು ‘ಈಗ ಇದೆಲ್ಲ ಬೇಕಾ’ ಅಂತ ಗದರಿಸಲಾಗುತ್ತದೆ.

ಆಮೇಲೆ ವಿದಾಯದಲ್ಲೇ ಪಳಗಿದವರು. ಇವರು ಬಳಗ ಶುರುವಾದ ಎರಡನೇ ವರ್ಷದಿಂದಲೂ ವಿದಾಯ ಹೇಳುತ್ತ ಬಂದವರು. ನೆಚ್ಚಿನ ಪಾತ್ರವನ್ನು ಯಾರೋ ಟೀಕಿಸಿದರು ಅಂತ ಒಮ್ಮೆ, ಮಾಡರೇಟರ್ ಒಂದು ಪೋಸ್ಟ್ ತೆಗೆದರು ಅಂತ ಒಮ್ಮೆ, ‘ಮೊದಲಿನ ಹಾಗಿಲ್ಲ’ ಅಂತ ಇನ್ನೊಮ್ಮೆ. ಪ್ರತಿ ಸಲವೂ ಉದ್ದದ ಪತ್ರ. ‘ಯಾರ ಮೇಲೂ ಬೇಸರವಿಲ್ಲ’ ಅನ್ನುವ ಸಾಲಿನ ಕೆಳಗೆ ಬೇಸರವಿರುವ ಹನ್ನೊಂದು ಜನರ ಹೆಸರು. ಆಮೇಲೆ ಯಾರು ಏನು ಬರೆದರು ಅಂತ ನೋಡಲು ಮಾರನೇ ದಿನ ವಾಪಸ್. ಪಾಪ, ಈಗ ಬಳಗವೇ ಹೊರಟು ನಿಂತಿದೆ. ಬಿಟ್ಟುಹೋಗಲು ಜಾಗವೇ ಇಲ್ಲದ ಮೇಲೆ ಇವರು ಎಲ್ಲಿಂದ ಹೋಗಬೇಕು?

ನಿಜವಾಗಿ ಬಿಟ್ಟುಹೋದವರ ಸದ್ದು ಇರುವುದಿಲ್ಲ. ಒಂದು ದಿನ ಬರೆದರು, ಮಾರನೇ ದಿನ ಬರೆಯಲಿಲ್ಲ. ಅಷ್ಟೇ. ಅವರ ಹೆಸರಿನ ಮುಂದೆ ಹಳೆಯ ತಾರೀಕೊಂದು ನಿಂತಿರುತ್ತದೆ. ಅವರಿಗೆ ಯಾರೂ ಪತ್ರ ಬರೆದಿರುವುದಿಲ್ಲ.

ಇನ್ನು ಹಳೆಯ ಜಗಳಗಂಟರು. ಒಂದು ಪಾತ್ರ ಯಾರನ್ನು ಮದುವೆಯಾಗಬೇಕಿತ್ತು ಅನ್ನುವ ವಿಷಯಕ್ಕೆ ಎಂಟು ವರ್ಷ ಮಾತು ಬಿಟ್ಟಿದ್ದ ಇಬ್ಬರು ಕೊನೆಯ ವಾರ ರಾಜಿಯಾಗುತ್ತಾರೆ. ‘ಅದೆಲ್ಲ ಎಷ್ಟು ಚಿಕ್ಕ ವಿಷಯ ಆಗಿತ್ತು’ ಅಂತ ಒಬ್ಬರು. ‘ಹೌದು, ನೀವು ಹೇಳಿದ್ದೂ ಸರಿ ಇತ್ತು’ ಅಂತ ಇನ್ನೊಬ್ಬರು. ಇಮೋಜಿಗಳ ಮಳೆ. ಎರಡು ಗಂಟೆ ಕಳೆಯುತ್ತದೆ. ‘ಆದರೂ ಒಂದು ಮಾತು’ ಅಂತ ಮೊದಲನೆಯವರು ಶುರು ಮಾಡುತ್ತಾರೆ. ರಾತ್ರಿ ಹನ್ನೆರಡಕ್ಕೆ ಬಾಗಿಲು ಮುಚ್ಚುವಾಗ ಇಬ್ಬರೂ ಪುರಾವೆಗಾಗಿ ಸ್ಕ್ರೀನ್‌ಶಾಟ್ ಹುಡುಕುತ್ತಿರುತ್ತಾರೆ.

ಇದರ ನಡುವೆ ಮಾಡರೇಟರುಗಳು. ಸಂಬಳವಿಲ್ಲದೆ ಇಷ್ಟು ವರ್ಷ ಜಾಹೀರಾತು ಕಸ ಗುಡಿಸಿದವರು, ಬೈಗುಳ ಅಳಿಸಿ ತಾವೇ ಬೈಸಿಕೊಂಡವರು. ಕಂಪನಿಯ ಪತ್ರದಲ್ಲಿ ಇವರ ಬಗ್ಗೆ ಅರ್ಧ ಸಾಲು ಇದ್ದರೆ ಪುಣ್ಯ. ಇವರಿಗೂ ಮುಚ್ಚುವ ಸುದ್ದಿ ಗೊತ್ತಾದದ್ದು ಉಳಿದವರ ಜೊತೆಗೇ. ಹಾಗಂತ ಕೆಲಸ ಬಿಡುವ ಜನ ಅಲ್ಲ. ಕೊನೆಯ ದಿನವೂ ಒಬ್ಬರು ಹೊಸಬರ ವಿದಾಯದ ಪೋಸ್ಟಿಗೆ ಬೀಗ ಹಾಕಿ ಕೆಳಗೆ ಬರೆಯುತ್ತಾರೆ: ‘ವಿದಾಯಕ್ಕೆ ಈಗಾಗಲೇ ಒಂದು ಥ್ರೆಡ್ ಇದೆ. ದಯವಿಟ್ಟು ಪೋಸ್ಟ್ ಹಾಕುವ ಮೊದಲು ಹುಡುಕಿ ನೋಡಿ.’ ಹುಡುಕುವ ಬಟನ್ ಕೆಟ್ಟಿದೆ ಅನ್ನುವುದು ಅವರಿಗೂ ಗೊತ್ತು.

ಎಲ್ಲ ಬಳಗದಲ್ಲೂ ಇನ್ನೊಬ್ಬ ಆಸಾಮಿ ಇರುತ್ತಾನೆ. ಅಳುವುದಿಲ್ಲ, ನಗುವುದಿಲ್ಲ, ತಪ್ಪು ಮಾತ್ರ ತಿದ್ದುತ್ತಾನೆ. ಎಲ್ಲರೂ ಕಣ್ಣೀರು ಹಾಕುತ್ತಿರುವಾಗ ಬಂದು, ‘ಬಳಗ ಶುರುವಾದದ್ದು 12ನೇ ತಾರೀಕಲ್ಲ, 14’ ಅಂತ ಬರೆದು ಹೋಗುತ್ತಾನೆ. ‘ಮೊದಲ ಪೋಸ್ಟ್ ಹಾಕಿದ್ದು ಅಡ್ಮಿನ್ ಅಲ್ಲ’ ಅಂತ ಇನ್ನೊಂದು. ಅವನಿಗೆ ಯಾರೂ ಲೈಕ್ ಕೊಡುವುದಿಲ್ಲ. ಇವನನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಅಭಿಮಾನಿಗಳು ಬುದ್ಧಿ ಕಲಿಯುವುದೇ ಇಲ್ಲ ಅಂತಲ್ಲ. ಒಮ್ಮೆ ಕಲಿತದ್ದಿದೆ. 2007ರಲ್ಲಿ ಬ್ಲಾಗು ಬರೆಯುವ ತಾಣ ಲೈವ್‌ಜರ್ನಲ್ ಒಂದೇ ಏಟಿಗೆ ನೂರಾರು ಖಾತೆಗಳನ್ನು ನಿಲ್ಲಿಸಿತು. ಅವುಗಳಲ್ಲಿ ಅಭಿಮಾನಿ ಬಳಗಗಳೂ ಇದ್ದವು. ನಿಲ್ಲಿಸಿದ ಖಾತೆಯ ಹೆಸರಿನ ಮೇಲೆ ಅಡ್ಡಗೆರೆ ಬಿದ್ದಿರುತ್ತಿತ್ತು. ಬೆಳಗೆದ್ದು ನೋಡಿದರೆ ಗೆಳೆಯರ ಪಟ್ಟಿಯಲ್ಲಿ ಗೆರೆಗಳ ಸಾಲು. ಕಂಪನಿ ಆಮೇಲೆ ಕ್ಷಮೆ ಕೇಳಿ ಎಷ್ಟೋ ಖಾತೆಗಳನ್ನು ಹಿಂದಿರುಗಿಸಿತು ಅನ್ನಿ. ಅದೇ ವರ್ಷ ಕೆಲವರು, ಸರ್ವರ್ ನಮ್ಮದೇ ಆಗಿರಬೇಕು ಅಂತ ಹೊರಟರು. ಲಾಭದ ಉದ್ದೇಶವಿಲ್ಲದ ಸಂಸ್ಥೆ ಕಟ್ಟಿದರು. 2009ರಲ್ಲಿ ಅಭಿಮಾನಿಗಳು ಬರೆದ ಕಥೆಗಳ ಸಂಗ್ರಹ, ಆರ್ಕೈವ್ ಆಫ್ ಅವರ್ ಓನ್ ತೆರೆಯಿತು. ದೇಣಿಗೆ ಮತ್ತು ಸ್ವಯಂಸೇವಕರ ಮೇಲೆ ಇವತ್ತಿಗೂ ನಡೆಯುತ್ತಿದೆ. 2019ರಲ್ಲಿ ಅದಕ್ಕೆ ವೈಜ್ಞಾನಿಕ ಕಥಾಲೋಕದ ದೊಡ್ಡ ಪ್ರಶಸ್ತಿಯಾದ ಹ್ಯೂಗೋ ಕೂಡ ಬಂತು. ಒಡನೆಯೇ ಅಲ್ಲಿ ಕಥೆ ಬರೆದವರೆಲ್ಲ ತಮಾಷೆಗೆ, ‘ನಾನೂ ಹ್ಯೂಗೋ ವಿಜೇತ’ ಅಂತ ಹಾಕಿಕೊಂಡರು. ಪ್ರಶಸ್ತಿ ಕೊಟ್ಟದ್ದು ಒಟ್ಟು ಸಂಗ್ರಹಕ್ಕೆ, ನಿಮಗಲ್ಲ ಅಂತ ತಿಳಿಹೇಳಬೇಕಾಗಿ ಬಂತು. ಆ ಚರ್ಚೆ ಎಷ್ಟು ಗಂಭೀರವಾಗಿ ನಡೆಯಿತೆಂದರೆ, ಜಾಗ ಉಳಿದಿದೆ, ಜನ ಬದಲಾಗಿಲ್ಲ ಅಂತ ಸಮಾಧಾನವಾಯಿತು.

ಉಳಿದ ಬಳಗಗಳಿಗೆ ಇಷ್ಟು ತಾಳ್ಮೆ ಎಲ್ಲಿ? ಮುಚ್ಚಿದ ರಾತ್ರಿಯೇ ಹೊಸ ಗ್ರೂಪ್ ಹುಟ್ಟುತ್ತದೆ. ಒಂದಲ್ಲ, ಮೂರು. ಒಂದು ಡಿಸ್ಕಾರ್ಡ್‌ನಲ್ಲಿ, ಒಂದು ಟೆಲಿಗ್ರಾಂನಲ್ಲಿ, ಒಂದು ಫೇಸ್‌ಬುಕ್‌ನಲ್ಲಿ. ಮೂರೂ ಇನ್ನೊಬ್ಬರ ಜಾಗ. ಮೂರರ ಷರತ್ತುಗಳನ್ನೂ ಯಾರೂ ಓದದೆ ಒಪ್ಪಿರುತ್ತಾರೆ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಮೂರರ ಹೆಸರಿನಲ್ಲೂ ‘ಅಧಿಕೃತ’ ಅಂತ ಇರುತ್ತದೆ. ಹಳೆಯ ಅಡ್ಮಿನ್ ಒಂದರಲ್ಲಿ, ಅಡ್ಮಿನ್ ಜೊತೆ ಜಗಳವಾಡಿದವರು ಇನ್ನೊಂದರಲ್ಲಿ, ಇಬ್ಬರೂ ಬೇಡವಾದವರು ಮೂರನೆಯದರಲ್ಲಿ. ಎಲ್ಲದರಲ್ಲೂ ಸದಸ್ಯರಾಗಿರುವವರು ಒಂದರ ಸ್ಕ್ರೀನ್‌ಶಾಟನ್ನು ಇನ್ನೊಂದಕ್ಕೆ ಸಾಗಿಸುವ ಸೇವೆ ಮಾಡುತ್ತಾರೆ. ಯಾವ ಸಿನಿಮಾ, ಯಾವ ಧಾರಾವಾಹಿ, ಯಾವ ಗಾಯಕನಿಗಾಗಿ ಈ ಬಳಗ ಹುಟ್ಟಿತ್ತು ಅನ್ನುವುದು ಮೊದಲ ತಿಂಗಳು ಯಾರ ಬಾಯಲ್ಲೂ ಬರುವುದಿಲ್ಲ. ಅದಕ್ಕೆ ‘ಇತರೆ’ ಅಂತ ಬೇರೆ ವಿಭಾಗ ಇದೆ.

ಒಂದು ವಿಷಯದಲ್ಲಿ ಮಾತ್ರ ಮೂರೂ ಗ್ರೂಪಿಗೆ ಒಮ್ಮತ. ಹಳೆಯ ಬಳಗದ ಬರಹವೆಲ್ಲ ಎಲ್ಲಾದರೂ ಉಳಿದಿರಬೇಕು, ಹೇಗಾದರೂ ಹುಡುಕಬೇಕು. ಮೂರೂ ಕಡೆ ಪಿನ್ ಮಾಡಿದ ಮನವಿ ಇದೆ. ಸಮಿತಿ ಇದೆ. ಸಮಿತಿಗೆ ಅಧ್ಯಕ್ಷರು ಯಾರು ಅನ್ನುವ ಮತದಾನವೂ ನಡೆದಿದೆ. ಹದಿನೈದು ವರ್ಷದ ಪ್ರತಿಯೊಂದು ಪೋಸ್ಟು, ಪ್ರತಿಯೊಂದು ಫೋಟೋ, ಅಳಿಸಿದ ಜಗಳಗಳನ್ನೂ ಸೇರಿಸಿ, ತಾರೀಕಿನ ಪ್ರಕಾರ ಜೋಡಿಸಿ ಹಾರ್ಡ್‌ಡಿಸ್ಕಿನಲ್ಲಿ ಇಟ್ಟುಕೊಂಡವನು ಒಬ್ಬನೇ. 12 ಅಲ್ಲ, 14 ಅಂದನಲ್ಲ, ಅವನು. ಹಾಗೆ ಇಳಿಸಿಕೊಂಡಿದ್ದರಿಂದಲೇ ಅವನಿಗೆ ತಾರೀಕು ಗೊತ್ತಿತ್ತು. ‘ನನ್ನ ಹತ್ತಿರ ಎಲ್ಲ ಇದೆ’ ಅಂತ ಹೇಳಲು ಅವನು ಮೂರೂ ಗ್ರೂಪಿಗೆ ಹೋಗಿದ್ದ. ಸ್ವಾಗತ ಪೋಸ್ಟಿನಲ್ಲಿದ್ದ ತಪ್ಪುಗಳನ್ನು ಮೊದಲು ತಿದ್ದಿದ. ಈಗ ಮೂರೂ ಕಡೆ ಬ್ಯಾನ್ ಆಗಿದ್ದಾನೆ.