ಹೊಟ್ಟೆ ಇಳಿದಿಲ್ಲ, ಹೌದು. ಏನೀಗ?

ನಿನ್ನೆ ಇಲ್ಲೇ ಕಾಸರಗೋಡಿನ ಬದಿಯಡ್ಕದ ಹತ್ತಿರ ಒಂದು ಮದುವೆಗೆ ಹೋಗಿದ್ದೆ. ಮಗುವಿಗೆ ನಾಲ್ಕು ತಿಂಗಳು. ಹೆರಿಗೆಯಾದ ಮೇಲೆ ಸೀರೆ ಉಟ್ಟು ಹೊರಗೆ ಹೊರಟದ್ದು ಅದೇ ಮೊದಲು. ರವಿಕೆಯ ಎರಡೂ ಬದಿಯ ಹೊಲಿಗೆ ಬಿಚ್ಚಿದರೂ ಮೇಲಿನ ಹುಕ್ಕು ಸೇರಲಿಲ್ಲ, ಪಿನ್ನು ಚುಚ್ಚಿ ಸೆರಗು ಹೊದ್ದುಕೊಂಡು ಹೋದೆ. ಊಟಕ್ಕೆ ಕೂತು ಎಲೆಗೆ ಉಪ್ಪು ಬೀಳುವ ಮೊದಲೇ ಪಕ್ಕದಲ್ಲಿದ್ದ ದೊಡ್ಡಮ್ಮ ಶುರು ಮಾಡಿದರು. "ಎಂತ ಮಾರಾಯ್ತಿ, ಹೊಟ್ಟೆ ಹಾಗೇ ಉಂಟಲ್ಲ? ಒಳಗೆ ಇನ್ನೊಂದು ಉಂಟಾ?"

ಸಾಲಿನಲ್ಲಿ ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಈಗ ಮೈ ಉರಿಯುತ್ತಿರುವುದು ಅದಕ್ಕೇ.

ಆಮೇಲೆ ಪಾಯಸ ಬಂತು. "ಬಾಣಂತಿ ಅಲ್ವಾ, ಇವಳಿಗೆ ಇನ್ನೊಂದು ಸೌಟು ಹಾಕಿ" ಅಂದದ್ದೂ ಅದೇ ದೊಡ್ಡಮ್ಮ! ನಾನು ತಿನ್ನಬೇಕಾ, ಕರಗಬೇಕಾ? ಯಾವುದಾದರೂ ಒಂದು ಹೇಳಿ.

ಅವರಿಗೆ ಗೊತ್ತಿಲ್ಲದ್ದು ಏನೆಂದರೆ, ಮಂಗಳೂರಿನ ಹಾಸ್ಟೆಲಿನಲ್ಲಿದ್ದಾಗ ನನಗೆ ಬುಲಿಮಿಯಾ ಇತ್ತು. ಹೊಟ್ಟೆ ಬಿರಿಯುವಷ್ಟು ತಿನ್ನುವುದು, ಆಮೇಲೆ ಹೆದರಿ ತಿಂದದ್ದನ್ನೆಲ್ಲ ಹೊರಗೆ ಹಾಕುವುದು. ಎರಡು ವರ್ಷ ಅದರಲ್ಲೇ ಕಳೆದೆ. ಔಷಧಿ, ಕೌನ್ಸೆಲಿಂಗ್ ಎಲ್ಲ ಆಗಿ ಬಿಟ್ಟುಹೋಗಿತ್ತು. ಬಸುರಿಯಾದಾಗ ತಿರುಗಿ ಬಂತು. ಮೂರನೇ ತಿಂಗಳ ವಾಂತಿ ಬಸಿರಿನದ್ದೇ, ಆರನೇ ತಿಂಗಳದ್ದು ಅಲ್ಲ. ಮನೆಯಲ್ಲಿ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. "ಪಾಪ, ಇನ್ನೂ ನಿಂತಿಲ್ಲ" ಅಂತ ಲಿಂಬೆಹಣ್ಣು ತಂದುಕೊಟ್ಟರು.

ತಪಾಸಣೆಗೆ ಹೋದಾಗಲೆಲ್ಲ ಮೊದಲು ತೂಕ ನೋಡಿ ಕಾರ್ಡಿನಲ್ಲಿ ಬರೆಯುತ್ತಾರೆ, ಅದು ಬೇಕು, ಸರಿ. ಆದರೆ ಅಲ್ಲಿದ್ದ ನರ್ಸ್ ಬೆಂಚಿನ ತುಂಬ ಜನ ಇರುವಾಗ "ತಡಿ ಕೂಡಿ" (ದಪ್ಪ ಆಗಿದ್ದೀ) ಅಂತ ಮಲಯಾಳದಲ್ಲಿ ಗಟ್ಟಿಯಾಗಿ ಹೇಳಬೇಕಾ? ಜ್ವರ, ಕಾಲುನೋವು ಹೇಳಿಕೊಳ್ಳುವಷ್ಟು ಮಲಯಾಳ ನನಗೆ ಬರುತ್ತದೆ. ತಿಂದದ್ದಕ್ಕೆ ನಾಚಿಕೆಯಾಗುತ್ತದೆ ಅಂತ ಹೇಳುವಷ್ಟು ಬರುವುದಿಲ್ಲ. ಹಾಗಾಗಿ ಸುಮ್ನೆ ತಲೆಯಾಡಿಸಿ ಬಂದೆ.

ಮತ್ತೆ ಬಾಣಂತನ. ಎಣ್ಣೆ ಹಚ್ಚಿ, ಹಂಡೆಯ ಬಿಸಿನೀರು ಹೊಯ್ದು, ಹೊಟ್ಟೆಗೆ ಹಳೆ ಸೀರೆ ಬಿಗಿದು ಕಟ್ಟುವುದು. ಒಂದು ಕಡೆ ಕಟ್ಟು, ಇನ್ನೊಂದು ಕಡೆ ತುಂಬಿಸು. ಬೆಳಿಗ್ಗೆ ಸಂಜೆ ಅಮ್ಮ ಲೇಹ್ಯದ ಚಮಚ ಹಿಡಿದು ನಾನು ನುಂಗುವವರೆಗೆ ಎದುರೇ ನಿಂತಿರುತ್ತಿದ್ದಳು. ಕಪ್ಪಗೆ, ತುಪ್ಪ ಒಸರುವ ಲೇಹ್ಯ. ನುಂಗಿ, ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದರೆ ಹೊರಗೆ ಶಬ್ದ ಕೇಳುವುದಿಲ್ಲ. ಒಂದು ದಿನ ಅಮ್ಮನಿಗೆ ಕೇಳಿತು. "ಪಿತ್ತ ಆಗಿದೆ, ಜೀರಿಗೆ ಕಷಾಯ ಮಾಡುತ್ತೇನೆ" ಅಂದಳು. ಅವಳ ಮೇಲೆ ಸಿಟ್ಟಿಲ್ಲ. ಈ ರೋಗಕ್ಕೆ ಅವಳ ಬಾಯಲ್ಲಿ ಒಂದು ಹೆಸರೇ ಇಲ್ಲ, ಏನಂತ ಕೇಳುತ್ತಾಳೆ?

ಬಸಿರಿನಲ್ಲಿ ಹತ್ತು ಹನ್ನೆರಡು ಕೆಜಿ ಏರುವುದು ಮಾಮೂಲು. ಹೆರಿಗೆಯಲ್ಲಿ ಮಗು, ಮಾಸು, ನೀರು ಹೋಗುತ್ತದೆ, ಉಳಿದದ್ದು ಒಂದೇ ದಿನಕ್ಕೆ ಮಾಯವಾಗುವುದಿಲ್ಲ. ಗರ್ಭಕೋಶ ಮೊದಲಿನ ಅಳತೆಗೆ ಬರಲಿಕ್ಕೇ ಸುಮಾರು 6 ವಾರ ಬೇಕು, ಬಿಟ್ಟುಕೊಂಡ ಹೊಟ್ಟೆಯ ಸ್ನಾಯುಗಳಿಗೆ ಇನ್ನೂ ಜಾಸ್ತಿ. ಇದನ್ನೆಲ್ಲ ಎಲೆ ಮುಂದೆ ಕೂತು ದೊಡ್ಡಮ್ಮನಿಗೆ ಪಾಠ ಮಾಡಲಿಕ್ಕಾಗುತ್ತದಾ? ಅವರೂ ನಾಲ್ಕು ಹೆತ್ತವರು!

ಮಗು ತಿಂಗಳಿಗೆ 700 ಗ್ರಾಂ ಏರಿದರೆ ಮನೆಯೆಲ್ಲ ಹಬ್ಬ, ದೃಷ್ಟಿ ತೆಗೆಯುತ್ತಾರೆ. ಆ ಹಾಲು ಎಲ್ಲಿಂದ ಬಂತು ಸ್ವಾಮೀ, ತೆಂಗಿನಮರದಿಂದಲಾ?

ಮೊನ್ನೆ ರಾತ್ರಿ ಗಂಡನಿಗೆ ಎಲ್ಲ ಹೇಳಿದೆ. ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಮಂಗಳೂರಿನ ಹಳೇ ಡಾಕ್ಟರ ನಂಬರ್ ಇದೆಯಾ ಅಂತ ಕೇಳಿದರು. ಇತ್ತು. ಗುರುವಾರಕ್ಕೆ ಸಮಯ ಸಿಕ್ಕಿದೆ, ಕನ್ನಡದಲ್ಲೇ ಮಾತಾಡಬಹುದು.

ಭಾನುವಾರ ಒಂದು ಉಪನಯನ ಇದೆ. ಹೊಸ ರವಿಕೆ ಹೊಲಿಯಲು ಕೊಟ್ಟಿದ್ದೇನೆ, ಒಂದಿಂಚು ಸಡಿಲವೇ ಇರಲಿ ಅಂತ ಹೇಳಿ. ದೊಡ್ಡಮ್ಮನೂ ಬರುತ್ತಾರಂತೆ. ಈ ಸಲ ನಾನು ನಗುವುದಿಲ್ಲ.