ಸತ್ಯಾಂಶ: ಯಂತ್ರ ಅಂಕ ಕೊಟ್ಟರೆ ತಾರತಮ್ಯ ಇರುವುದಿಲ್ಲವೇ?

'ಕೃತಕ ಬುದ್ಧಿಮತ್ತೆಗೆ ಜಾತಿ, ಊರು, ಭಾಷೆ ಗೊತ್ತಿಲ್ಲ. ಉತ್ತರಪತ್ರಿಕೆ ಅದರ ಕೈಗೆ ಕೊಟ್ಟರೆ ಎಲ್ಲ ಮಕ್ಕಳಿಗೂ ಸಮಾನ ನ್ಯಾಯ' ಎಂಬ ಸಂದೇಶ ಬೆಳಗಾವಿಯ ಪಾಲಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಿದೆ. ಇದು ನಿಜವಲ್ಲ.

ಯಂತ್ರಕ್ಕೆ ಯಾರ ಮೇಲೂ ಹಗೆಯಿಲ್ಲ, ಅಷ್ಟು ಸರಿ. ಆದರೆ ಅದು ಕಲಿಯುವುದು ಹಳೆಯ ದತ್ತಾಂಶದಿಂದ. ಅಲ್ಲಿದ್ದ ಓರೆ ಇಲ್ಲಿಗೂ ಬರುತ್ತದೆ.

2020ರಲ್ಲಿ ಕೋವಿಡ್‌ನಿಂದ ಇಂಗ್ಲೆಂಡಿನ ಎ-ಲೆವೆಲ್ (ನಮ್ಮ ಪಿಯುಸಿಯಂಥದ್ದು) ಪರೀಕ್ಷೆಗಳು ರದ್ದಾದವು. ಶಾಲೆಯ ಹಿಂದಿನ ವರ್ಷಗಳ ಫಲಿತಾಂಶ ನೋಡಿ ಶ್ರೇಣಿ ಕೊಡುವ ಗಣಿತಸೂತ್ರವೊಂದನ್ನು ಬಳಸಿದರು. ಶಿಕ್ಷಕರು ಅಂದಾಜಿಸಿದ್ದ ಶ್ರೇಣಿಗಳಲ್ಲಿ ಸುಮಾರು ಶೇ 40ರಷ್ಟು ಕೆಳಗಿಳಿದವು. ಹಿಂದುಳಿದ ಶಾಲೆಯ ಜಾಣ ಹುಡುಗಿಗೆ ಅದೇ ಶಾಲೆಯ ಹಿಂದಿನ ವರ್ಷಗಳ ವಿದ್ಯಾರ್ಥಿಗಳ ಅಂಕವೇ ಮುಳುವಾಯಿತು. ಪ್ರತಿಭಟನೆ ನಡೆದು, ಆಗಸ್ಟ್ 17ರಂದು ಸರ್ಕಾರ ಆ ಸೂತ್ರವನ್ನು ಕೈಬಿಟ್ಟಿತು.

ನಮಗೆ ಇನ್ನೂ ಹತ್ತಿರದ್ದು ಸ್ಟ್ಯಾನ್‌ಫರ್ಡ್ ಸಂಶೋಧಕರ 2023ರ ಅಧ್ಯಯನ. ಬರಹ ಯಂತ್ರದ್ದೋ ಮನುಷ್ಯನದ್ದೋ ಎಂದು ಹೇಳುವ ತಂತ್ರಾಂಶಗಳು, ಇಂಗ್ಲಿಷ್ ಮಾತೃಭಾಷೆಯಲ್ಲದವರು ಸ್ವತಃ ಬರೆದ ಟೋಫೆಲ್ (ಇಂಗ್ಲಿಷ್ ಸಾಮರ್ಥ್ಯ ಅಳೆಯುವ ಪರೀಕ್ಷೆ) ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕೂ ಹೆಚ್ಚನ್ನು ಯಂತ್ರದ್ದೆಂದವು. ಕಾರಣ, ಸರಳ ಪದಗಳು, ಊಹಿಸಬಹುದಾದ ವಾಕ್ಯಗಳು. ನಿಪ್ಪಾಣಿಯಲ್ಲಿ ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಆಡುವ ಹುಡುಗ ಕಾಲೇಜಿಗೆ ಬಂದು ಬರೆಯುವ ಇಂಗ್ಲಿಷ್ ಹೀಗೆಯೇ ಇರುತ್ತದೆ. ಪ್ರಾಮಾಣಿಕವಾಗಿ ಬರೆದವನು ಕಳ್ಳನೆನಿಸಿಕೊಳ್ಳುವುದು ನನಗಂತೂ ಸಹಿಸಲಾಗದ ಮಾತು.

ತಂತ್ರಾಂಶವೇ ಬೇಡವೆಂದಲ್ಲ, ಅಭ್ಯಾಸಕ್ಕೆ ಅದು ಉಪಯುಕ್ತ. ಆದರೆ ಅಂಕಕ್ಕೆ ಬಳಸುವುದಾದರೆ ಶಾಲೆಯನ್ನು ಕೇಳಿ: ಅದನ್ನು ಯಾವ ಮಕ್ಕಳ ಬರಹದ ಮೇಲೆ ಪರೀಕ್ಷಿಸಿದ್ದಾರೆ? ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿದರೆ ಪತ್ರಿಕೆಯನ್ನು ಶಿಕ್ಷಕರು ಓದುತ್ತಾರೆಯೇ?